ಚಿಕ್ಕಮಗಳೂರಲ್ಲಿ ನೀರು ಕುದಿಯೋದು 96 ಡಿಗ್ರಿಗೆ

ಅಡುಗೆಮನೆಗೆ ಕಡ್ಡಿ ಥರ್ಮಾಮೀಟರ್ ತಂದವರು ಮೊದಲು ಅದನ್ನು ಕುದಿಯುವ ನೀರಿಗೆ ಅದ್ದಿ ನೋಡುತ್ತಾರೆ. ಚಿಕ್ಕಮಗಳೂರಿನಲ್ಲಾದರೆ 96 ಅಂತ ತೋರಿಸುತ್ತದೆ. ಕೆಟ್ಟಿದೆ ಅಂದುಕೊಂಡು ವಾಪಸ್ ಕೊಡಲು ಹೋಗಬೇಡಿ, ಅದು ಸರಿಯಾಗಿಯೇ ಇದೆ. ಪೇಟೆ ಇರುವುದೇ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿ. 300 ಮೀಟರ್ ಏರಿದರೆ ನೀರು ಕುದಿಯುವ ಬಿಸಿ ಹೆಚ್ಚುಕಮ್ಮಿ ಒಂದು ಡಿಗ್ರಿ ಇಳಿಯುತ್ತದೆ. ಹಾಸನ, ಸಕಲೇಶಪುರ ಸ್ವಲ್ಪ ತಗ್ಗಿನಲ್ಲಿದ್ದರೂ ಅಲ್ಲೂ 97ರ ಆಸುಪಾಸೇ. ಥರ್ಮಾಮೀಟರ್ ಸರಿ ಇದೆಯೇ ಎಂದು ಪರೀಕ್ಷಿಸಬೇಕಾದರೆ ಲೋಟದ ತುಂಬ ಐಸ್ ಪುಡಿ ಹಾಕಿ, ಅದು ಮುಳುಗುವಷ್ಟೇ ನೀರು ಸುರಿದು, ಎರಡು ನಿಮಿಷ ಬಿಟ್ಟು ಕಡ್ಡಿ ಇಳಿಸಿ. 0 ಬಂದರೆ ಆಯಿತು. ಐಸಿಗೆ ಎತ್ತರದ ಲೆಕ್ಕ ಇಲ್ಲ.

ಈ ನಾಲ್ಕು ಡಿಗ್ರಿಯ ವ್ಯತ್ಯಾಸ ಪಾಕದಲ್ಲಿ ಎದ್ದು ಕಾಣುತ್ತದೆ. ಉಂಡೆಪಾಕಕ್ಕೆ 115 ಡಿಗ್ರಿ ಅಂತ ಎಲ್ಲಾದರೂ ಬರೆದಿದ್ದರೆ ಇಲ್ಲಿ 111ಕ್ಕೇ ಇಳಿಸಬೇಕು. 115ರ ತನಕ ಕಾಯುತ್ತಾ ನಿಂತರೆ ಉಂಡೆ ಕಲ್ಲಾಗುತ್ತದೆ. ಎಣ್ಣೆಗೆ ಮಾತ್ರ ಈ ಲೆಕ್ಕ ಬೇಡ. ಕೋಡುಬಳೆಗೆ 170 ಅಂದರೆ ಎಲ್ಲ ಊರಲ್ಲೂ 170. ಉಪಕರಣದ ಡಬ್ಬಿಯಲ್ಲಿ ಬರುವ ಪುಸ್ತಕ ಬರೆದವರಿಗೆ ನಮ್ಮೂರಿನ ಎತ್ತರ ಗೊತ್ತಿರುವುದಿಲ್ಲ, ಜುಲೈ ತಿಂಗಳ ಮಳೆಯಂತೂ ಗೊತ್ತೇ ಇರುವುದಿಲ್ಲ. ಅದಕ್ಕೇ ಇಷ್ಟು ಬರೆಯಬೇಕು ಅನ್ನಿಸಿತು.

ಕುಕ್ಕರಿನಿಂದ ಶುರುಮಾಡೋಣ. ಅದರ ವೆಯ್ಟ್ ಒಳಗಿನ ಒತ್ತಡವನ್ನು ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿಯಷ್ಟು ಏರಿಸುತ್ತದೆ. ಕರಾವಳಿಯಲ್ಲಿ ಅದರಿಂದ ಒಳಗೆ 120 ಡಿಗ್ರಿ ಸಿಗುತ್ತದೆ. ಗಾಳಿಯೇ ತೆಳುವಾಗಿರುವ ನಮ್ಮಲ್ಲಿ 118. ಮಂಗಳೂರಿನ ನೆಂಟರು ಹೇಳಿಕೊಟ್ಟ ಹೊತ್ತಿಗೆ ಎರಡು ಮೂರು ನಿಮಿಷ ಸೇರಿಸಿಕೊಳ್ಳಿ. ಕೂಗು ಎಣಿಸುವುದನ್ನು ಬಿಡುವುದು ಇನ್ನೂ ಒಳ್ಳೆಯದು. ಉರಿ ಜೋರಿದ್ದರೆ ಐದು ನಿಮಿಷದಲ್ಲೇ ಮೂರು ಕೂಗು ಆಗಿಬಿಡುತ್ತದೆ, ಸಣ್ಣಗಿದ್ದರೆ ಹದಿನೈದು ನಿಮಿಷವಾದರೂ ಆಗದು. ಕಾಳು ಬೇಯುವುದು ಒಳಗಿನ ಬಿಸಿಗೆ ಮತ್ತು ಹೊತ್ತಿಗೆ. ಮೊದಲ ಕೂಗು ಬಂದ ಕೂಡಲೇ ಉರಿ ತಗ್ಗಿಸಿ ಗಡಿಯಾರ ನೋಡಿ: ತೊಗರಿಬೇಳೆಗೆ 8ರಿಂದ 10 ನಿಮಿಷ, ರಾತ್ರಿ ನೆನೆಸಿದ ಹುರುಳಿಕಾಳಿಗೆ 20. ಆಮೇಲೆ ಒತ್ತಡ ತಾನಾಗಿ ಇಳಿಯಲಿ. ಆ ಹತ್ತು ನಿಮಿಷವೂ ಕಾಳು ಬೇಯುತ್ತಲೇ ಇರುತ್ತದೆ.

ಕೂಗೇ ಬರದೆ ಮುಚ್ಚಳದ ಅಂಚಿನಲ್ಲಿ ಹಬೆ ಸೋರುತ್ತಿದ್ದರೆ ರಬ್ಬರ್ ಗಟ್ಟಿಯಾಗಿದೆ ಎಂದೇ ಲೆಕ್ಕ. ಬೆರಳಲ್ಲಿ ಮಡಚಿದಾಗ ಸಣ್ಣ ಬಿರುಕು ಕಂಡರೆ ಬದಲಿಸಿ. ಫ್ರಿಜ್ಜಿನಲ್ಲಿಟ್ಟರೆ ಕುಗ್ಗಿ ಒಂದೆರಡು ಸಲ ನಡೆಯಬಹುದು, ಅಷ್ಟೇ. ಪ್ರತಿ ಸಲ ಮುಚ್ಚುವ ಮೊದಲು ಹಬೆಯ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯ ಬೆಳಕು ಕಾಣಲೇಬೇಕು.

ಇನ್ನು ಕಾಫಿ ಫಿಲ್ಟರ್. ಇಲ್ಲಿ ಎತ್ತರ ನಮಗೆ ಉಪಕಾರವನ್ನೇ ಮಾಡಿದೆ. ಕುದಿಯುವ ನೀರನ್ನು ನೇರ ಹಾಕಿದರೆ ಪುಡಿ ಕಹಿಯಾಗುತ್ತದೆ, ಅರ್ಧ ನಿಮಿಷ ಆರಿಸಿ ಹಾಕಿ ಅನ್ನುತ್ತಾರೆ. ನಮ್ಮ ನೀರು ಕುದಿಯುವಾಗಲೇ 96, ಒಲೆಯಿಂದ ಇಳಿಸಿ ಸೀದಾ ಸುರಿಯಬಹುದು. ನಾಲ್ಕು ಜನಕ್ಕೆ 40 ಗ್ರಾಂ ಪುಡಿ, 200 ಮಿಲಿ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ಸಿಗುವುದು 120 ಮಿಲಿ ಡಿಕಾಕ್ಷನ್. ಒಬ್ಬೊಬ್ಬರಿಗೆ 30 ಮಿಲಿ ಡಿಕಾಕ್ಷನ್ನಿಗೆ 100 ಮಿಲಿ ಹಾಲು. ಪುಡಿ ನೀರು ಕುಡಿದು ಉಬ್ಬುವುದರಿಂದ ಮೇಲಿನ ಪಾತ್ರೆಯ ಅರ್ಧ ದಾಟಬಾರದು. ಅದಕ್ಕಿಂತ ಹೆಚ್ಚು ಬೇಕಾದರೆ ದೊಡ್ಡ ಫಿಲ್ಟರ್ ತನ್ನಿ, ತುಂಬಿ ಅಮುಕಬೇಡಿ.

ಸುರಿಯುವ ರೀತಿಯಲ್ಲೇ ಅರ್ಧ ಕೆಲಸ ಇದೆ. ಪುಡಿ ಹಾಕಿ, ಫಿಲ್ಟರಿನ ಬದಿಗೆ ಎರಡು ಸಲ ತಟ್ಟಿ ಮಟ್ಟ ಮಾಡಿ, ಛತ್ರಿಯಂಥ ಬಿಲ್ಲೆಯನ್ನು ಒತ್ತದೆ ಸುಮ್ಮನೆ ಕೂರಿಸಿ. ಮೊದಲು ಎರಡು ಚಮಚ ನೀರು ಸುತ್ತ ಹಾಕಿ ಅರ್ಧ ನಿಮಿಷ ನಿಲ್ಲಿ. ಅಂದೇ ಹುರಿದು ಬೀಸಿದ ಪುಡಿಯಾದರೆ ಬಿಲ್ಲೆಯ ಅಂಚಿನಲ್ಲಿ ನೊರೆ ಎದ್ದು ಸಣ್ಣ ಗುಳ್ಳೆಗಳು ಒಡೆಯುವುದು ಕಾಣುತ್ತದೆ. ಹುರಿದಾಗ ಒಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಅದು. ಅದು ಹೋಗದೆ ಪೂರ್ತಿ ನೀರು ಸುರಿದರೆ ಪುಡಿ ಮೇಲೆದ್ದು ಬಿಲ್ಲೆ ಓರೆಯಾಗುತ್ತದೆ, ನೀರು ಒಂದೇ ಬದಿಯಲ್ಲಿ ಓಡಿಹೋಗುತ್ತದೆ. ಗುಳ್ಳೆ ತಣ್ಣಗಾದ ಮೇಲೆ ಉಳಿದದ್ದನ್ನು ಸುರಿಯಿರಿ. 15ರಿಂದ 20 ನಿಮಿಷಕ್ಕೆ ಇಳಿದರೆ ಪುಡಿಯ ಹದ ಸರಿ ಇದೆ. ಐದೇ ನಿಮಿಷಕ್ಕೆ ಇಳಿದರೆ ತರಿ ಜಾಸ್ತಿ. ಪುಡಿ ಅಂಗಡಿಯಲ್ಲಿ ಇನ್ನೊಂದು ಸುತ್ತು ನುಣ್ಣಗೆ ಕೇಳಿ.

ಹನಿ ಪೂರ್ತಿ ನಿಂತೇಹೋದರೆ ಎಲ್ಲರೂ ಪುಡಿಯನ್ನೇ ಬೈಯುತ್ತಾರೆ. ಎಷ್ಟೋ ಸಲ ತಪ್ಪು ಗಾಳಿಯದ್ದು. ಮೇಲಿನ ಪಾತ್ರೆ ಕೆಳಗಿನದರಲ್ಲಿ ಬಿಗಿಯಾಗಿ ಕೂತು, ಒಳಗಿನ ಗಾಳಿ ಹೊರಹೋಗಲು ದಾರಿ ಇಲ್ಲದೆ ಡಿಕಾಕ್ಷನ್ನನ್ನು ತಡೆಯುತ್ತದೆ. ಮೇಲಿನದನ್ನು ಬೆರಳಗಲ ಎತ್ತಿ ಮತ್ತೆ ಕೂರಿಸಿ, ಟಪಟಪ ಹನಿ ಶುರುವಾಗುತ್ತದೆ. ಆಗಲೂ ಬರದಿದ್ದರೆ ತೂತುಗಳು ಕಾಫಿಯ ಜಿಡ್ಡಿನಿಂದ ಕಟ್ಟಿವೆ: ಅರ್ಧ ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ. ಪಿನ್ ಚುಚ್ಚಬೇಡಿ, ತೂತು ದೊಡ್ಡದಾದ ಫಿಲ್ಟರ್ ಮತ್ತೆ ಸರಿಹೋಗುವುದಿಲ್ಲ.

ಇಷ್ಟೆಲ್ಲ ಇದ್ದರೂ ನಮ್ಮ ಸೀಮೆಯ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಚೆಂದದ ಉಪಕರಣ ಯಾವುದೆಂದರೆ ಶ್ಯಾವಿಗೆ ಒರಳು. ಮೂರು ಕಾಲು, ಮಧ್ಯೆ ಕೊಳವೆ, ಮೇಲಿಂದ ಇಳಿಯುವ ತಿರುಪು. ಎರಡು ಕೈಯ ಬಲವನ್ನು ತಿರುಪು ಎಷ್ಟೋ ಪಟ್ಟು ಹೆಚ್ಚಿಸಿ ಹಿಟ್ಟಿನ ಮೇಲೆ ಹಾಕುತ್ತದೆ. ಕೊಳ್ಳುವಾಗ ಎಲ್ಲರೂ ದೊಡ್ಡ ಕೊಳವೆ ನೋಡುತ್ತಾರೆ, ಒಂದೇ ಸಲಕ್ಕೆ ಜಾಸ್ತಿ ಬರಲಿ ಅಂತ. ಅಲ್ಲೇ ಎಡವುವುದು. ಬೇಕಾಗುವ ಬಲ ಕೊಳವೆಯ ಅಗಲದ ವರ್ಗಕ್ಕೆ ತಕ್ಕಂತೆ ಏರುತ್ತದೆ. 5 ಸೆಂ.ಮೀ. ಅಗಲದ್ದಕ್ಕೆ ಬೇಕಾದ ಬಲದ ಸುಮಾರು ಎರಡರಷ್ಟು 7 ಸೆಂ.ಮೀ.ನದಕ್ಕೆ ಬೇಕು. ಮನೆಯಲ್ಲಿ ಒಬ್ಬರೇ ಒತ್ತುವುದಾದರೆ 5 ಸೆಂ.ಮೀ. ಸಾಕು. ಲೋಹದಲ್ಲಿ ಹಿತ್ತಾಳೆಯದ್ದೇ ನನ್ನ ಆಯ್ಕೆ. ಅಲ್ಯೂಮಿನಿಯಂನದರಲ್ಲಿ ತಿರುಪಿನ ಎಳೆಗಳು ಬೇಗ ಸವೆಯುತ್ತವೆ, ತೆಳು ಸ್ಟೀಲಿನದರಲ್ಲಿ ಬಿಲ್ಲೆ ಬಾಗುತ್ತದೆ. ಅಂಗಡಿಯಲ್ಲೇ ತಿರುಪನ್ನು ಕೊನೆತನಕ ಇಳಿಸಿ ನೋಡಿ. ಒತ್ತುವ ಗುಂಡಿಗೂ ಕೊಳವೆಗೂ ನಡುವೆ ಉಗುರು ತೂರುವಷ್ಟು ಸಂದಿದ್ದರೆ ಬೇಡ, ಹಿಟ್ಟು ಕೆಳಗಿಳಿಯುವ ಬದಲು ಮೇಲಕ್ಕೆ ಉಕ್ಕುತ್ತದೆ.

ಹಿಟ್ಟಿಗೆ ದೋಸೆ ಅಕ್ಕಿ 500 ಗ್ರಾಂ, ಐದು ಗಂಟೆ ನೆನೆಸಿ ಬಸಿದು, ಒಂದು ಹಿಡಿ ಕಾಯಿತುರಿ ಮತ್ತು 500 ಮಿಲಿ ನೀರಿನೊಂದಿಗೆ ನುಣ್ಣಗೆ ರುಬ್ಬಿ. ತರಿ ಇದ್ದರೆ ತೂತಿನಲ್ಲಿ ಸಿಕ್ಕಿ ಎಳೆ ಕಡಿಯುತ್ತದೆ. ಉಪ್ಪು, ಒಂದು ಚಮಚ ಎಣ್ಣೆ ಹಾಕಿ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಮುದ್ದೆ ಕೂಡಿಕೊಂಡು ಪಾತ್ರೆ ಬಿಡಬೇಕು, ಒದ್ದೆ ಬೆರಳಿಗೆ ಅಂಟಬಾರದು. ಕೊಳವೆಗೆ ಹಿಡಿಯುವ ಗಾತ್ರದ ಉದ್ದ ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ 20 ನಿಮಿಷ ಬೇಯಿಸಿ. ತಳದ ನೀರಿಗೆ ತೊಳೆದ ನಾಣ್ಯವೊಂದನ್ನು ಹಾಕಿಡಿ. ಕಟಕಟ ಸದ್ದು ನಿಂತರೆ ನೀರು ಆರಿದೆ ಎಂದು ತಿಳಿಯುತ್ತದೆ.

ಒತ್ತುವಾಗ ಬಿಸಿಯೇ ಪ್ರಾಣ. ಬೆಂದ ಅಕ್ಕಿಯ ಪಿಷ್ಟ ಆರುತ್ತಿದ್ದಂತೆ ಬಿಗಿಯುತ್ತದೆ. ಮಳೆಗಾಲದ ಚಳಿಯಲ್ಲಿ ಐದು ನಿಮಿಷ ಹೊರಗಿದ್ದರೂ ಉಂಡೆಗೆ ಹೊರಪದರ ಕಟ್ಟಿ ತಿರುಪು ಜಗ್ಗುವುದಿಲ್ಲ. ಆದ್ದರಿಂದ ಒಂದೊಂದೇ ಉಂಡೆ ಹಬೆಯಿಂದ ತೆಗೆಯಿರಿ, ಉಳಿದವು ಮುಚ್ಚಿದಲ್ಲೇ ಇರಲಿ. ಒರಳನ್ನೂ ಮೊದಲು ಬಿಸಿನೀರಲ್ಲಿ ಅದ್ದಿ ಒರೆಸಿ ಎಣ್ಣೆ ಸವರಿ. ತಣ್ಣನೆಯ ಹಿತ್ತಾಳೆ ಮೊದಲ ಉಂಡೆಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಹದ ಸರಿಯಾಗಿದ್ದರೆ ಮೊದಲ ಕಾಲು ಸುತ್ತಿಗೆ ತೂತುಗಳಲ್ಲಿ ಬಿಳಿ ಚುಕ್ಕೆ ಮೂಡಿ, ಮುಂದಿನ ಸುತ್ತಿಗೆ ಎಲ್ಲ ಎಳೆಗಳೂ ಒಟ್ಟಿಗೆ ಹೊಳೆಯುತ್ತಾ ಇಳಿದು ಬಾಳೆಲೆಯ ಮೇಲೆ ಸುರುಳಿ ಕೂರುತ್ತವೆ. ಎಳೆ ಗೇಣುದ್ದಕ್ಕೇ ತುಂಡಾದರೆ ನಡು ಬೆಂದಿಲ್ಲ, ಇನ್ನೈದು ನಿಮಿಷ ಹಬೆಗಿಡಿ. ಒಂದಕ್ಕೊಂದು ಅಂಟಿದರೆ ನೀರು ಹೆಚ್ಚಾಗಿದೆ. ಆ ಹಿಟ್ಟನ್ನು ಒಲೆಯ ಮೇಲೆ ಇನ್ನಷ್ಟು ತಿರುವಬೇಕಿತ್ತು. ಕಾಯಿಹಾಲಿಗಾದರೆ ಆಗಲೇ ಬಡಿಸಿ, ಒಗ್ಗರಣೆಗಾದರೆ ಪೂರ್ತಿ ಆರಲಿ.

ತೊಳೆಯುವಾಗ ಬಿಸಿನೀರು ಬೇಡ, ಹಸಿ ಉಳಿದ ಹಿಟ್ಟಿದ್ದರೆ ಅದನ್ನೂ ಬೇಯಿಸಿ ತೂತಿಗೆ ಅಂಟಿಸುತ್ತದೆ. ತಣ್ಣೀರಲ್ಲಿ ಒಂದು ಗಂಟೆ ಬಿಟ್ಟು ಬಿದಿರುಕಡ್ಡಿಯಿಂದ ತಳ್ಳಿ. ಕಿಲುಬು ಕಂಡರೆ ಹುಣಸೆಹಣ್ಣು, ಉಪ್ಪು ಹಚ್ಚಿ ಉಜ್ಜಿ ಚೆನ್ನಾಗಿ ತೊಳೆಯಿರಿ. ಹುಳಿ ಉಳಿಯಬಾರದು.

ಕಾಯಿ ತುರಿಯುವ, ಕೆಳಗೆ ರಬ್ಬರ್ ಹಿಡಿತದ ಯಂತ್ರದ ಬಗ್ಗೆ ಒಂದೇ ಮಾತು: ಅದು ನುಣುಪಾದ ಗ್ರಾನೈಟಿನ ಮೇಲೆ ಮಾತ್ರ ಕಚ್ಚಿಕೊಳ್ಳುತ್ತದೆ, ಒರಟು ಕಡಪ ಕಲ್ಲಿನ ಮೇಲೆ ನಿಲ್ಲದು. ಅಂಥ ಕಟ್ಟೆ ಇರುವವರಿಗೆ ತುರಿಮಣೆಯೇ ಸರಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಎಲ್ಲವನ್ನೂ ಒಣಗಿಸಿಡುವುದೇ ದೊಡ್ಡ ಕೆಲಸ. ಹಿಂದೆ ಒಲೆಯ ಮೇಲಿನ ಅಟ್ಟದ ಹೊಗೆ, ಕಾವು ಅದನ್ನು ನೋಡಿಕೊಳ್ಳುತ್ತಿತ್ತು. ಗ್ಯಾಸ್ ಬಂದ ಮೇಲೆ ನಾವೇ ನೋಡಿಕೊಳ್ಳಬೇಕು. ರೊಟ್ಟಿ ಕಾವಲಿಯನ್ನು ತೊಳೆದ ಮೇಲೆ ಒಂದು ನಿಮಿಷ ಉರಿಗಿಟ್ಟು, ಬಿಸಿಯಲ್ಲೇ ನಾಲ್ಕು ಹನಿ ಎಣ್ಣೆ ಸವರಿ ಒರೆಸಿ. ಮುದ್ದೆ ಕೋಲು, ಮರದ ಸೌಟು ಡಬ್ಬಿಯಲ್ಲಿ ಮುಚ್ಚಿಟ್ಟರೆ ಮೂರೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡುವಂತೆ ತೂಗುಹಾಕಿ. ತೂಕದ ಯಂತ್ರ ತಿಂಗಳಾನುಗಟ್ಟಲೆ ಸುಮ್ಮನಿರುವುದಾದರೆ ಸೆಲ್ ತೆಗೆದಿಡಿ. ಶ್ಯಾವಿಗೆ ಒರಳಿನ ಬಿಲ್ಲೆ, ಕೊಳವೆ, ತಿರುಪು ಬೇರೆ ಬೇರೆ ಮಾಡಿ ಬಟ್ಟೆಯಲ್ಲಿ ಸುತ್ತಿಡಿ. ತಿರುಪಿಗೆ ಕೊಬ್ಬರಿ ಎಣ್ಣೆ ಹಾಕಬೇಡಿ, ನಮ್ಮ ಚಳಿಗೆ ಹೆಪ್ಪುಗಟ್ಟುತ್ತದೆ. ಎರಡು ಹನಿ ಕಡಲೆಕಾಯಿ ಎಣ್ಣೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ ತೆಗೆದರೆ ಗೌರಿ ಹಬ್ಬಕ್ಕೆ ಹೊರತೆಗೆದಾಗ ಒಂದೇ ಕೈಯಲ್ಲಿ ತಿರುಗುತ್ತದೆ.