ನಿವೃತ್ತಿಗೆ ಊರು ಹುಡುಕುವವರು ಮಾರ್ಚ್‌ನಲ್ಲಿ ಹೋಗಿ ನೋಡಿ

ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಎಲ್ಲರೂ ಹೋಗುವುದು ನವೆಂಬರ್, ಡಿಸೆಂಬರ್‌ನಲ್ಲಿ. ಬೆಳಗ್ಗೆ ಹಿತವಾದ ಚಳಿ, ತಿಳಿ ಆಕಾಶ, ದೀಪದ ಹಬ್ಬ. ವಾಪಸ್ ಬಂದವರು "ರಿಟೈರ್ ಆದರೆ ಅಲ್ಲೇ" ಅನ್ನುತ್ತಾರೆ. ನಾವು ಬೇಕೆಂದೇ ಮಾರ್ಚ್‌ನಲ್ಲಿ ಹೋದೆವು. ವಿಮಾನ ಇಳಿಯುವಾಗ ಊರು ಕಾಣಲಿಲ್ಲ, ಕಂದು ಹೊಗೆ ಅಷ್ಟೇ. ದೊಯ್ ಸುತೇಪ್ ಅನ್ನೋ ಬೆಟ್ಟ ಊರಿಗೆ ಅಂಟಿಕೊಂಡೇ ಇದೆ. ಮೈಸೂರಿಗೆ ಚಾಮುಂಡಿ ಬೆಟ್ಟ ಇದ್ದ ಹಾಗೆ, ಯಾವ ಬೀದಿಯಲ್ಲಿ ನಿಂತರೂ ಕಾಣಬೇಕು. ನಾವಿದ್ದ ಮೊದಲ ವಾರ ಅದರ ನೆರಳೂ ಕಾಣಲಿಲ್ಲ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಉತ್ತರ ಥಾಯ್ಲೆಂಡಿನಲ್ಲಿ ಇದೇ ಕಥೆ. ಜೋಳದ ಹೊಲದ ಕೂಳೆಗೆ ಬೆಂಕಿ ಹಾಕುತ್ತಾರೆ, ಕಾಡಿನ ತರಗೆಲೆಗೆ ಬೆಂಕಿ ಬೀಳುತ್ತದೆ, ಮ್ಯಾನ್ಮಾರ್ ಕಡೆಯ ಹೊಗೆಯೂ ಬಂದು ಸೇರುತ್ತದೆ. ಊರು ಕಣಿವೆಯಲ್ಲಿರುವುದರಿಂದ ಅದು ಹೊರಗೆ ಹೋಗುವುದಿಲ್ಲ. ಕೆಲವು ದಿನ ಪ್ರಪಂಚದ ಅತಿ ಕೊಳಕು ಗಾಳಿಯ ಊರುಗಳ ಪಟ್ಟಿಯಲ್ಲಿ ಚಿಯಾಂಗ್ ಮಾಯ್ ಮೊದಲಿಗೆ ಬಂದದ್ದೂ ಇದೆ. ನಾವು ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಗಾಳಿ ಶುದ್ಧ ಮಾಡುವ ಯಂತ್ರ ಹಗಲೂ ರಾತ್ರಿ ಓಡುತ್ತಿತ್ತು. ವರ್ಷಗಟ್ಟಲೆ ಅಲ್ಲಿರುವ ವಿದೇಶಿಯರಲ್ಲಿ ಕೈಲಾದವರು ಆ ತಿಂಗಳುಗಳಲ್ಲಿ ದಕ್ಷಿಣದ ಸಮುದ್ರ ತೀರಕ್ಕೆ ಜಾಗ ಖಾಲಿ ಮಾಡುತ್ತಾರೆ. ಅಂದರೆ ಎರಡು ಬಾಡಿಗೆ. ಈ ಖರ್ಚನ್ನು "ತಿಂಗಳಿಗೆ ಇಷ್ಟರಲ್ಲಿ ರಾಜನಂತೆ ಬದುಕಬಹುದು" ಅನ್ನೋ ವಿಡಿಯೋಗಳಲ್ಲಿ ಯಾರೂ ಹೇಳುವುದಿಲ್ಲ.

ಅದಕ್ಕೇ ಹೇಳೋದು: ಊರನ್ನು ಅದರ ಕೆಟ್ಟ ತಿಂಗಳಲ್ಲಿ ನೋಡಿ. ಚಿಯಾಂಗ್ ಮಾಯ್‌ಗೆ ಮಾರ್ಚ್, ವಿಯೆಟ್ನಾಮಿನ ದಾ ನಾಂಗ್‌ಗೆ ಅಕ್ಟೋಬರ್, ಮಲೇಷ್ಯಾದ ಪೆನಾಂಗ್‌ಗೆ ಸೆಪ್ಟೆಂಬರ್ ಅಥವಾ ಅಕ್ಟೋಬರ್.

ಆದರೆ ಟಿಕೆಟ್ ಬುಕ್ ಮಾಡುವ ಮುಂಚೆ ವಯಸ್ಸು ನೋಡಿಕೊಳ್ಳಿ. ಬೇಗ ನಿವೃತ್ತಿ ತಗೊಂಡವರಿಗೆ ದೊಡ್ಡ ಅಡ್ಡಿ ಇದೇ. ನಮ್ಮ ಯಜಮಾನರಿಗೆ 51, ನನಗೆ 46. ಥಾಯ್ಲೆಂಡಿನ ನಿವೃತ್ತಿ ವೀಸಾಕ್ಕೆ 50 ತುಂಬಿರಬೇಕು. ದಂಪತಿಯಲ್ಲಿ ಒಬ್ಬರಿಗೆ ತುಂಬಿದ್ದರೆ ಇನ್ನೊಬ್ಬರು ಅವಲಂಬಿತರಾಗಿ ಇರಬಹುದು, ಹಾಗಾಗಿ ನಾನು ಅವರ ಬೆನ್ನ ಹಿಂದೆ. ಇದಕ್ಕೆ ಮದುವೆ ನೋಂದಣಿ ಪತ್ರ ಬೇಕೇ ಬೇಕು. ನಮ್ಮ ವಯಸ್ಸಿನ ಎಷ್ಟೋ ಜನರ ಹತ್ತಿರ ಛತ್ರದ ಫೋಟೋ ಆಲ್ಬಂ ಬಿಟ್ಟರೆ ಬೇರೆ ದಾಖಲೆ ಇಲ್ಲ. ಮೊದಲು ನೋಂದಣಿ ಮಾಡಿಸಿ, ಆಮೇಲೆ ನಮ್ಮ ವಿದೇಶಾಂಗ ಇಲಾಖೆಯ ದೃಢೀಕರಣ ಹಾಕಿಸಿ.

ಇಂಡೋನೇಷ್ಯಾದಲ್ಲಿ ನಿವೃತ್ತಿ ವೀಸಾದ ವಯಸ್ಸು ಇನ್ನೂ ಜಾಸ್ತಿ. ಹಣ ಇದ್ದವರಿಗೆ ಸೆಕೆಂಡ್ ಹೋಮ್ ವೀಸಾ ಇದೆ, ಆದರೆ ಅಲ್ಲಿನ ಬ್ಯಾಂಕಿನಲ್ಲಿ 200 ಕೋಟಿ ರೂಪಿಯಾ (ಅದು ಅಲ್ಲಿನ ಹಣ, ನಮ್ಮ ರೂಪಾಯಿ ಅಲ್ಲ) ಇಡಬೇಕು. ಬಾಲಿಯ ದೇವಸ್ಥಾನ, ಗದ್ದೆ ನೋಡಿ ಮನಸ್ಸು ಎಳೆಯುತ್ತೆ, ನಿಜ. ನಮಗೆ ಅಷ್ಟು ಹಣ ಕಟ್ಟುವುದು ಸಾಧ್ಯವಿರಲಿಲ್ಲ, ಬಿಟ್ಟೆವು. ಫಿಲಿಪ್ಪೀನ್ಸ್ 2021ರಲ್ಲಿ ವಯಸ್ಸನ್ನು 50ಕ್ಕೆ ಏರಿಸಿತ್ತು, 2025ರಲ್ಲಿ ಮತ್ತೆ 40ಕ್ಕೆ ಇಳಿಸಿತು. ನಲವತ್ತರ ಆಸುಪಾಸಿನವರು ಅದನ್ನು ವಿಚಾರಿಸಬಹುದು. ಸಸ್ಯಾಹಾರಿಗಳಿಗೆ ಅಲ್ಲಿ ಊಟ ಕಷ್ಟ, ನಾವು ಆ ಕಡೆ ತಲೆ ಹಾಕಲಿಲ್ಲ.

ಥಾಯ್ಲೆಂಡಿನ ಲೆಕ್ಕ ಹೀಗಿದೆ. ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. 8 ಲಕ್ಷ ಬಾತ್ ಅಂದರೆ ನಮ್ಮ 20 ಲಕ್ಷ ರೂಪಾಯಿ ದಾಟುತ್ತದೆ. ಸುಮ್ನೆ ಒಂದು ದಿನ ಇಟ್ಟು ತೋರಿಸಿದರೆ ಆಗಲ್ಲ. ಅರ್ಜಿಗೆ ಎರಡು ತಿಂಗಳ ಮುಂಚೆಯಿಂದ, ಮಂಜೂರಾದ ಮೇಲೆ ಮೂರು ತಿಂಗಳವರೆಗೆ ಪೂರ್ತಿ ಹಣ ಇರಬೇಕು. ಉಳಿದ ತಿಂಗಳಲ್ಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ ಅದನ್ನು ಖರ್ಚಿನ ಹಣ ಅಂತ ಲೆಕ್ಕ ಹಾಕಬೇಡಿ. ವರ್ಷಕ್ಕೊಮ್ಮೆ ನವೀಕರಣ, 90 ದಿನಕ್ಕೊಮ್ಮೆ ವಿಳಾಸ ವರದಿ. ಅಲ್ಲಿ ಕೆಲಸ ಮಾಡುವಂತಿಲ್ಲ.

50 ತುಂಬದವರಿಗೆ 2024ರ ಜುಲೈಯಿಂದ ಡಿಟಿವಿ ಅನ್ನೋ ಇನ್ನೊಂದು ವೀಸಾ ಬಂದಿದೆ. ಐದು ವರ್ಷದ್ದು, ಒಂದು ಸಲ ಹೋದರೆ 180 ದಿನ ಇರಬಹುದು, 5 ಲಕ್ಷ ಬಾತ್ ನಿಮ್ಮದೇ ಖಾತೆಯಲ್ಲಿ ತೋರಿಸಿದರೆ ಸಾಕು. ಆದರೆ ಅದು ನಿವೃತ್ತರಿಗೆ ಮಾಡಿದ್ದಲ್ಲ. ದೂರದಿಂದ ಕೆಲಸ ಮಾಡುವವರಿಗೆ, ಅಥವಾ ಥಾಯ್ ಅಡುಗೆ, ಮುವಾಯ್ ಥಾಯ್ ಅನ್ನೋ ಅಲ್ಲಿನ ಕಿಕ್ ಬಾಕ್ಸಿಂಗ್ ಕಲಿಯುವವರಿಗೆ. ಕೆಲಸ ಬಿಟ್ಟು ಆರಾಮಾಗಿ ಇರೋಣ ಅಂತ ಹೋಗುವವರು ನಲವತ್ತೈದರಲ್ಲಿ ಕಿಕ್ ಬಾಕ್ಸಿಂಗ್ ಶಾಲೆಗೆ ಸೇರುವುದು ನೋಡಿದರೆ ನಗು ಬರುತ್ತೆ. ಆದರೆ ಎಷ್ಟೋ ಜನ ಅದನ್ನೇ ಮಾಡುತ್ತಿದ್ದಾರೆ.

ಮನೆ ನೋಡುವಾಗ ಮೂರು ವಿಷಯ ಗಮನಿಸಿ. ಚಿಯಾಂಗ್ ಮಾಯ್‌ನಲ್ಲಿ ಒಂದು ಮಲಗುವ ಕೋಣೆಯ ಕಾಂಡೊ 10,000ದಿಂದ 15,000 ಬಾತ್‌ಗೆ ಸಿಗುತ್ತದೆ. ಅಡ್ವಾನ್ಸ್ ಎರಡು ತಿಂಗಳದ್ದು ಮಾತ್ರ. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟು ಅಭ್ಯಾಸ ಆದವರಿಗೆ ಕಣ್ಣಲ್ಲಿ ನೀರು ಬರುತ್ತೆ. ಆದರೆ ಕರೆಂಟ್ ಬಿಲ್ ನೇರ ಸರ್ಕಾರಕ್ಕೋ, ಮಾಲೀಕರ ಮೂಲಕವೋ ಕೇಳಿ. ಎಷ್ಟೋ ಕಟ್ಟಡಗಳಲ್ಲಿ ಯೂನಿಟ್‌ಗೆ 7–8 ಬಾತ್ ಹಾಕುತ್ತಾರೆ, ಸರ್ಕಾರದ ದರ ಅದರ ಅರ್ಧದ ಹತ್ತಿರ. ಎಸಿ ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತೆ. ಎರಡನೆಯದು, ನೀವು ಬಂದು 24 ಗಂಟೆಯೊಳಗೆ ಮಾಲೀಕರು ವಲಸೆ ಕಚೇರಿಗೆ ತಿಳಿಸಬೇಕು. ಆ ರಸೀದಿ ಇಲ್ಲದಿದ್ದರೆ ಮುಂದಿನ ಯಾವ ಅರ್ಜಿಯೂ ಸಲೀಸಾಗಿ ನಡೆಯುವುದಿಲ್ಲ. "ಅದೆಲ್ಲ ಬೇಡ ಬಿಡಿ" ಅನ್ನೋ ಮಾಲೀಕರ ಮನೆ ಬೇಡ.

ಮೂರನೆಯದು ಅಡುಗೆಮನೆ. ನಿಮ್ಮಾನ್ ರಸ್ತೆಯ ಸುತ್ತ ನಾವು ನೋಡಿದ ಹೊಸ ಕಾಂಡೊಗಳಲ್ಲಿ ಅಡುಗೆಮನೆ ಅಂದರೆ ಮೈಕ್ರೋವೇವ್ ಮತ್ತು ಒಂದೇ ಒಂದು ಇಂಡಕ್ಷನ್ ಒಲೆ, ಅದೂ ಮಂಚಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ. ಅಲ್ಲಿನವರು ಬೀದಿಯಲ್ಲೇ ಊಟ ತಗೊಳ್ಳುತ್ತಾರೆ, ಅವರಿಗೆ ಸಾಕು. ನಾನು ಬ್ಯಾಡಗಿ ಮೆಣಸಿನಕಾಯಿ, ಇಂಗು, ಸಾಸಿವೆ ಹಾಕಿ ಒಗ್ಗರಣೆ ಚಟಪಟ ಅನ್ನಿಸಿದ್ದೇ ತಡ, ಹೊಗೆಯ ಅಲಾರ್ಮ್ ಕೂಗಿಕೊಂಡಿತು. ಯಜಮಾನರು ಕುರ್ಚಿ ಹತ್ತಿ ಟವೆಲ್ ಬೀಸುತ್ತಾ ನಿಂತರು. ಬಾಗಿಲು ತಟ್ಟಿದ ಕಾವಲುಗಾರ ಒಳಗೆ ಬಂದು, ಬಾಣಲೆ ನೋಡಿ, ಮೂಗು ಮುಚ್ಚಿಕೊಂಡು ನಕ್ಕ. ವರ್ಷಗಟ್ಟಲೆ ಇರುವ ಯೋಚನೆ ಇದ್ದರೆ ಬಾಲ್ಕನಿಯಲ್ಲಿ ಒಲೆ ಇರುವ ಹಳೇ ಕಾಂಡೊ ಅಥವಾ ಊರ ಹೊರಗಿನ ಮನೆ ನೋಡಿ.

ಊಟದ ಬಗ್ಗೆ ಅಷ್ಟು ಚಿಂತೆ ಬೇಡ. ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಇರುವ 'ಜೇ' ಅಂಗಡಿಗಳಲ್ಲಿ ಮಾಂಸ, ಮೀನಿನ ಸಾಸ್ ಅಷ್ಟೇ ಅಲ್ಲ, ಬೆಳ್ಳುಳ್ಳಿಯೂ ಇರುವುದಿಲ್ಲ. ಹುಣಸೆಹಣ್ಣು, ತೆಂಗಿನಕಾಯಿಗೆ ಬರ ಇಲ್ಲ. ಸಾರಿನ ಪುಡಿ ಮಾತ್ರ ಊರಿಂದ ತಗೊಂಡು ಹೋಗಿ.

ಮಳೆಗಾಲಕ್ಕೆ ದಾ ನಾಂಗ್ ಮತ್ತು ಪೆನಾಂಗ್ ಇಟ್ಟುಕೊಂಡೆವು. ದಾ ನಾಂಗ್‌ನ ಮಿ ಖೆ ಸಮುದ್ರ ತೀರ ನಾವು ನೋಡಿದ್ದರಲ್ಲೇ ಚೆಂದದ್ದು, ಬಾಡಿಗೆಯೂ ಕಡಿಮೆ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಅಲ್ಲಿನ ಬೌದ್ಧರು ಮಾಂಸ ಬಿಡುವುದರಿಂದ ಬೀದಿ ಬೀದಿಯಲ್ಲಿ ಸಸ್ಯಾಹಾರ ಸಿಗುತ್ತದೆ. ಆದರೆ ಅಕ್ಟೋಬರ್ ಮಳೆ ನಿಲ್ಲುವ ಮಳೆಯಲ್ಲ. ಒಗೆದ ಬಟ್ಟೆ ಒಣಗಲಿಲ್ಲ, ಸೂಟ್‌ಕೇಸಿನ ಹಿಡಿಗೆ ಬೂಷ್ಟು ಬಂತು. ಪಕ್ಕದ ಹೋಯ್ ಆನ್‌ನ ಹಳೇ ಬೀದಿಗಳಲ್ಲಿ ಆ ಕಾಲಕ್ಕೆ ನೆರೆ ಬರುವುದು ಹೊಸದೇನಲ್ಲ. ಅದಕ್ಕಿಂತ ದೊಡ್ಡ ಮಾತು, ವಿಯೆಟ್ನಾಮಿನಲ್ಲಿ ನಿವೃತ್ತಿ ವೀಸಾ ಅನ್ನೋದೇ ಇಲ್ಲ. ಇರುವುದು 90 ದಿನದ ಇ-ವೀಸಾ. ಮೂರು ತಿಂಗಳಿಗೊಮ್ಮೆ ಗಡಿ ದಾಟಿ ಬಂದು ಹತ್ತು ವರ್ಷ ಕಳೆಯುತ್ತೇನೆ ಅಂದುಕೊಂಡರೆ, ಒಂದು ದಿನ ನಿಯಮ ಬದಲಾದರೆ ಸಾಮಾನು ಕಟ್ಟಬೇಕಾಗುತ್ತದೆ. ವಾಹನಗಳೂ ಬಲಗಡೆ ಓಡುತ್ತವೆ. ಥಾಯ್ಲೆಂಡ್, ಮಲೇಷ್ಯಾದಲ್ಲಿ ನಮ್ಮ ಹಾಗೇ ಎಡಗಡೆ.

ಪೆನಾಂಗ್ ಬೇರೆಯೇ. ಜಾರ್ಜ್ ಟೌನ್‌ನ ಕ್ವೀನ್ ಬೀದಿಯಲ್ಲಿ 1833ರಲ್ಲಿ ಕಟ್ಟಿದ ಮಹಾಮಾರಿಯಮ್ಮನ ಗುಡಿ ಇದೆ. ಸುತ್ತ ಹೂವು, ನುಗ್ಗೇಕಾಯಿ, ಕರಿಬೇವು, ಬಾಳೆ ಎಲೆ ಊಟ. ಹೂವಿನ ಅಂಗಡಿಯ ಅಕ್ಕ ನಾವು ಮಾತಾಡೋದು ಕೇಳಿ "ತೆಲುಗಾ?" ಅಂದರು. "ಕನ್ನಡ, ಮೈಸೂರು" ಅಂದೆ. "ಓ, ಮೈಸೂರ್ ಪಾಕ್!" ಅಂದು ಒಂದು ಗೇಣು ಮಲ್ಲಿಗೆ ಜಾಸ್ತಿ ಕತ್ತರಿಸಿ ಕೊಟ್ಟರು. ಬೆಂಗಳೂರಿನಲ್ಲಿ ಕಲಿತ ಅರೆಬರೆ ತಮಿಳು ಇಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಿರಲಿಲ್ಲ. ಇಂಗ್ಲಿಷ್ ಅಂತೂ ಎಲ್ಲ ಕಡೆ ನಡೆಯುತ್ತೆ. ಮಳೆ ಮಧ್ಯಾಹ್ನ ಬಂದು ಒಂದೆರಡು ಗಂಟೆ ಸುರಿದು ಹೋಗುತ್ತಿತ್ತು. ಕೆಲವು ವರ್ಷ ಸುಮಾತ್ರಾದ ಕಾಡ್ಗಿಚ್ಚಿನ ಹೊಗೆ ಇಲ್ಲಿಗೂ ಬರುತ್ತದೆ, ಆದರೆ ಚಿಯಾಂಗ್ ಮಾಯ್ ಥರ ಪ್ರತಿ ವರ್ಷದ ಕಾಟವಲ್ಲ.

ಆಸ್ಪತ್ರೆಯನ್ನು ಖಂಡಿತ ಒಳಗೆ ಹೋಗಿ ನೋಡಿ. ನಾವು ಪೆನಾಂಗ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಂಡೆವು. ಕಾಯುವ ಜಾಗದಲ್ಲಿ ಕೂತ ಎಷ್ಟೋ ಜನ ಸುಮಾತ್ರಾದ ಮೆದಾನ್‌ನಿಂದ ವಿಮಾನ ಹತ್ತಿ ಬಂದವರು. ಪಕ್ಕದ ದೇಶದವರು ದುಡ್ಡು ಕೊಟ್ಟು ಬರುತ್ತಾರೆ ಅಂದರೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ನಮ್ಮ ಊರಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಹೊರದೇಶದಲ್ಲಿ ನಡೆಯುವುದಿಲ್ಲ. ಹೊಸ ವಿಮೆಗೆ ವಿಚಾರಿಸಿದಾಗ ಯಜಮಾನರ ಬಿಪಿಯನ್ನು ಹೊರಗಿಟ್ಟೇ ಕೊಡುತ್ತೇವೆ ಅಂದರು. ಹಾಗಾಗಿ ಬಿಪಿ, ಸಕ್ಕರೆ ಇದ್ದವರು ವಿಮೆಯ ಉತ್ತರ ಕೈಗೆ ಬರುವವರೆಗೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಇಲ್ಲಿನ ಪಾಲಿಸಿಯನ್ನೂ ನಿಲ್ಲಿಸಬೇಡಿ. ದೊಡ್ಡ ಆಪರೇಷನ್ ಬಂದರೆ ವಾಪಸ್ ಬರುವುದು ಇಲ್ಲಿಗೇ ಅಲ್ವಾ?

ಇಷ್ಟೆಲ್ಲ ಇದ್ದೂ ಪೆನಾಂಗ್ ಕೈಗೆ ಎಟುಕಲಿಲ್ಲ. ಮಲೇಷ್ಯಾದ ಎಂಎಂ2ಎಚ್ (ಮಲೇಷ್ಯಾ ಮೈ ಸೆಕೆಂಡ್ ಹೋಮ್) ಅನ್ನೋ ದೀರ್ಘಾವಧಿ ವೀಸಾ ಯೋಜನೆಯಲ್ಲಿ 25 ವರ್ಷ ಆದವರೂ ಅರ್ಜಿ ಹಾಕಬಹುದು, ಅಪ್ಪ ಅಮ್ಮ, ಅತ್ತೆ ಮಾವನನ್ನೂ ಜೊತೆಗೆ ಸೇರಿಸಬಹುದು. ಆದರೆ 2024ರ ನಿಯಮದ ಪ್ರಕಾರ ಕೆಳಗಿನ ಸಿಲ್ವರ್ ಹಂತಕ್ಕೇ 1,50,000 ಡಾಲರ್ ಠೇವಣಿ, ಮೇಲೆ ಕನಿಷ್ಠ 6 ಲಕ್ಷ ರಿಂಗಿಟ್‌ನ ಮನೆ ಕೊಳ್ಳಬೇಕು. ಎರಡೂ ಒಂದೊಂದು ಕೋಟಿ ದಾಟುತ್ತವೆ. ಮನೆಯನ್ನು ಹತ್ತು ವರ್ಷ ಮಾರುವಂತೆಯೂ ಇಲ್ಲ. ಸಿಂಗಾಪುರದ ಎದುರಿನ ಫಾರೆಸ್ಟ್ ಸಿಟಿಯಲ್ಲಿ 50 ದಾಟಿದವರಿಗೆ 32,000 ಡಾಲರ್ ಸಾಕು, ಆದರೆ ಅಲ್ಲಿ ಮನೆಗಳಿರುವಷ್ಟು ಜನ ಇಲ್ಲ. ಈ ಯೋಜನೆಯ ಇನ್ನೊಂದು ತೊಂದರೆ ಅದರ ಚಂಚಲತೆ. 2021ರಲ್ಲಿ ತಿಂಗಳಿಗೆ 40,000 ರಿಂಗಿಟ್ ಆದಾಯ ಕೇಳಿದರು, 2024ರಲ್ಲಿ ಎಲ್ಲ ಬದಲಿಸಿದರು. ಒಂದು ಕೋಟಿ ಕಟ್ಟಿ ಇಂಥ ಯೋಜನೆಯನ್ನು ನಂಬಿ ಕೂರಲು ನನಗೆ ಧೈರ್ಯ ಇಲ್ಲ.

ನಮ್ಮ ಕಡೆಯ ಲೆಕ್ಕಗಳೂ ಇವೆ. ವರ್ಷಕ್ಕೆ ಒಬ್ಬರು 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. 22 ಲಕ್ಷ ಕಳಿಸಿದರೆ 2.4 ಲಕ್ಷ. ರಿಟರ್ನ್ಸ್ ಹಾಕಿದಾಗ ವಾಪಸ್ ಬರುತ್ತದೆ, ಅಲ್ಲಿಯವರೆಗೆ ಕೈಯಲ್ಲಿ ಇರಲ್ಲ. ಥಾಯ್ಲೆಂಡಿನಲ್ಲಿ ಒಂದು ವರ್ಷದಲ್ಲಿ 180 ದಿನ ಇದ್ದರೆ ಅಲ್ಲಿನ ತೆರಿಗೆದಾರರಾಗುತ್ತೀರಿ, 2024ರಿಂದ ಹೊರಗಿಂದ ತರುವ ಆದಾಯಕ್ಕೂ ತೆರಿಗೆ ಇದೆ. 2024ಕ್ಕೆ ಮುಂಚಿನ ಉಳಿತಾಯಕ್ಕೆ ಇಲ್ಲ. ಆದ್ದರಿಂದ 2023ರ ಡಿಸೆಂಬರ್ 31ರ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಳ್ಳಿ. ಇಲ್ಲಿನ ಮನೆ ಬಾಡಿಗೆಗೆ ಕೊಟ್ಟು ನೀವು ಎನ್‌ಆರ್‌ಐ ಆದರೆ, ಬಾಡಿಗೆದಾರರು ಬಾಡಿಗೆಯಲ್ಲಿ 30%ಗೂ ಮೇಲೆ ಟಿಡಿಎಸ್ ಹಿಡಿದು ಕಟ್ಟಬೇಕು. ಈ ತಲೆನೋವಿಗೆ ಒಪ್ಪುವ ಬಾಡಿಗೆದಾರರು ಸಿಗುವುದು ಕಷ್ಟ. ಎಷ್ಟು ದಿನ ಎಲ್ಲಿ ಇರಬೇಕು ಅನ್ನುವುದನ್ನು ಆಡಿಟರ್ ಹತ್ತಿರ ಕೂತು ಮುಂಚೆಯೇ ಲೆಕ್ಕ ಹಾಕಿಸಿ.

ಕೊನೆಗೆ ನಾವು ತೀರ್ಮಾನಿಸಿದ್ದು ಇಷ್ಟು. ಸೆಪ್ಟೆಂಬರ್‌ನಿಂದ ಜನವರಿ ಕೊನೆವರೆಗೆ ಚಿಯಾಂಗ್ ಮಾಯ್, ಉಳಿದದ್ದು ಮೈಸೂರು. 180 ದಿನವೂ ಆಗಲ್ಲ, ಹೊಗೆಯೂ ತಪ್ಪುತ್ತದೆ, ಅತ್ತೆಯವರ ಜೊತೆ ಯುಗಾದಿಯೂ ಸಿಗುತ್ತದೆ. ವೀಸಾ ಯಜಮಾನರ ವಯಸ್ಸಿನ ಮೇಲೆ. ಸೆಪ್ಟೆಂಬರ್‌ನಲ್ಲಿ 90 ದಿನದ ವೀಸಾದಲ್ಲಿ ಹೋಗಿ ಅಲ್ಲೇ ವರ್ಷಕ್ಕೆ ವಿಸ್ತರಿಸಿದರೆ, ಮುಂದಿನ ನವೀಕರಣಗಳೂ ಡಿಸೆಂಬರ್ ಸುಮಾರಿಗೇ ಬೀಳುತ್ತವೆ. ನೀವೂ ಮೊದಲ ಪ್ರವೇಶದ ತಿಂಗಳನ್ನು ಹೀಗೆ ನೋಡಿ ಆರಿಸಿಕೊಳ್ಳಿ. ಇಲ್ಲದಿದ್ದರೆ ನವೀಕರಣಕ್ಕೆ ಅಂತಲೇ ಹೊಗೆಯಲ್ಲಿ ಹೋಗಿ ನಿಲ್ಲಬೇಕಾಗುತ್ತೆ.

ವಾಪಸ್ ಬರುವಾಗ ಪೆನಾಂಗ್‌ನಲ್ಲಿ ಇಳಿದು ವರ್ಷದ ತಪಾಸಣೆ ಮುಗಿಸಿ ಬರುವ ಯೋಚನೆ. ನಮಗೆ ಈಗ ಅಲ್ಲಿ 30 ದಿನ ವೀಸಾ ಬೇಡ, ಚೆನ್ನೈಗೆ ನೇರ ವಿಮಾನ 2024ರ ಡಿಸೆಂಬರ್‌ನಲ್ಲಿ ಶುರುವಾಗಿದೆ. ಥಾಯ್ಲೆಂಡ್ ಬಿಡುವ ಮುಂಚೆ ಮಾತ್ರ ಮರುಪ್ರವೇಶದ ಪರ್ಮಿಟ್ ಮಾಡಿಸಿ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿ ಬರಲು 3,800. ಅದಿಲ್ಲದೆ ವಿಮಾನ ಹತ್ತಿದರೆ ವರ್ಷದ ವಿಸ್ತರಣೆ ಅಲ್ಲಿಗೇ ರದ್ದು, ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು.