ಅಮೆರಿಕವೋ ಜರ್ಮನಿಯೋ?

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ನೀವು ಎರಡೂ ಕಡೆ ಸಂಸಾರ ಮಾಡಿದವರು. ಬದುಕುವುದಕ್ಕೆ ಅಮೆರಿಕ ಚೆನ್ನೋ, ಜರ್ಮನಿಯೋ?" ಕೇಳುವವರು ಹೆಚ್ಚಾಗಿ ಸಾಫ್ಟ್‌ವೇರ್ ಮಂದಿ. ಎರಡೂ ಸಂಬಳಗಳನ್ನು ರೂಪಾಯಿಗೆ ಪರಿವರ್ತಿಸಿ, ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ.

ಸಂಬಳದ ಮಾತಾದರೆ ವಾದವೇ ಬೇಡ, ಅಮೆರಿಕವೇ ಮೇಲು. ನ್ಯೂಜೆರ್ಸಿಯಲ್ಲಿ ಕೈಗೆ ಸಿಗುತ್ತಿದ್ದಷ್ಟು ಹಣ ಅದೇ ಕೆಲಸಕ್ಕೆ ಮ್ಯೂನಿಕ್‌ನಲ್ಲಿ ಸಿಗುವುದಿಲ್ಲ. ತೆರಿಗೆ, ಪಿಂಚಣಿ, ಆರೋಗ್ಯ, ನಿರುದ್ಯೋಗ, ಮುಪ್ಪಿನ ಆರೈಕೆ ಎಂದು ಜರ್ಮನಿಯ ಸಂಬಳದ ಚೀಟಿಯ ತುಂಬ ಕಡಿತದ ಸಾಲುಗಳು. ಜೊತೆಗೆ ನ್ಯೂಜೆರ್ಸಿಯ ಎಡಿಸನ್ ಊರಿನ ಓಕ್ ಟ್ರೀ ರಸ್ತೆಯಂಥದ್ದು ಮ್ಯೂನಿಕ್‌ನಲ್ಲಿ ಎಲ್ಲಿದೆ? ಭಾರತೀಯ ಅಂಗಡಿಗಳ ಆ ರಸ್ತೆಯಲ್ಲಿ ಕರಿಬೇವಿನಿಂದ ರೇಷ್ಮೆ ಸೀರೆಯವರೆಗೆ ಎಲ್ಲವೂ ಸಿಗುತ್ತದೆ.

ಆದರೆ ನಾನು ಕೇಳುವ ಲೆಕ್ಕ ಬೇರೆ. ಕೆಲಸ ಹೋದ ಮರುದಿನ ನಿಮ್ಮ ಮನೆಯಲ್ಲಿ ಏನಾಗುತ್ತದೆ?

ಅಮೆರಿಕದಲ್ಲಿ ಎಚ್-1ಬಿ ಎಂಬ ನೌಕರಿ ವೀಸಾದವರಿಗೆ ಹೆಚ್ಚೆಂದರೆ 60 ದಿನಗಳ ಗಡುವು. ಅಷ್ಟರಲ್ಲಿ ಹೊಸ ಕಂಪನಿ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಆರೋಗ್ಯ ವಿಮೆಯೂ ಕಂಪನಿಯದೇ. ಅದನ್ನು ಕೆಲವು ತಿಂಗಳು ಉಳಿಸಿಕೊಳ್ಳಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನಾವೇ ಕಟ್ಟಬೇಕು. ಕಾಯಂ ನಿವಾಸದ ಗ್ರೀನ್ ಕಾರ್ಡ್ ಬಂದರೆ ಈ ಭಯ ಅರ್ಧ ಕಳೆದಂತೆ. ಆದರೆ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷದ ಕಾರ್ಡ್‌ಗಳಲ್ಲಿ ಶೇ. 7ರಷ್ಟು ಮಾತ್ರ ಎಂಬ ಮಿತಿಯಿಂದಾಗಿ ಭಾರತೀಯರ ಸರದಿ ದಶಕಗಳಷ್ಟು ಉದ್ದವಾಗಿದೆ. ವೀಸಾ, ವೈದ್ಯರು, ಮಕ್ಕಳ ಶಾಲೆ ಎಲ್ಲವನ್ನೂ ನೌಕರಿ ಎಂಬ ಒಂದೇ ಗೂಟಕ್ಕೆ ಕಟ್ಟಿದ ಬದುಕು ಅದು.

ವಿಮೆ ಇದ್ದಾಗಲೂ ನೆಮ್ಮದಿ ಅಷ್ಟಕ್ಕಷ್ಟೆ. ಆಸ್ಪತ್ರೆಗೆ ಹೋಗಿ ಬಂದ ಕೆಲವು ವಾರಗಳಿಗೆ ವಿಮಾ ಕಂಪನಿಯ ಲಕೋಟೆ ಬರುತ್ತದೆ. ಮೇಲೆ "ಇದು ಬಿಲ್ ಅಲ್ಲ" ಎಂದು ದಪ್ಪಕ್ಷರ, ಕೆಳಗೆ ನಾಲ್ಕು ಕಾಲಮ್ಮುಗಳ ತುಂಬ ಡಾಲರ್ ಅಂಕಿಗಳು. ಬಿಲ್ ಬೇರೆಯಾಗಿ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ತಾಳೆ ಹಾಕಿದ ರಾತ್ರಿಗಳನ್ನು ನಾನು ಮರೆತಿಲ್ಲ.

ಜರ್ಮನಿಯಲ್ಲಿ ವೈದ್ಯರ ಸ್ವಾಗತಕಟ್ಟೆಯಲ್ಲಿ ಒಂದು ಕಾರ್ಡ್ ಕೊಟ್ಟರೆ ಸಾಕು, ಅಲ್ಲಿಗೆ ಹಣದ ಮಾತು ಮುಗಿಯಿತು. 1883ರಲ್ಲಿ ಚಾನ್ಸಲರ್ ಬಿಸ್ಮಾರ್ಕ್ ಕಾಲದಲ್ಲಿ ಶುರುವಾದ ಈ ಆರೋಗ್ಯ ವಿಮೆಗೆ ಕಂಪನಿ ಮತ್ತು ನೌಕರ ಸರಿಸುಮಾರು ಅರ್ಧರ್ಧ ಕಟ್ಟುತ್ತಾರೆ. ದುಡಿಯದ ಸಂಗಾತಿಗೂ ಮಕ್ಕಳಿಗೂ ಬೇರೆ ಕಂತಿಲ್ಲ. ಕಾಯಿಲೆ ಬಿದ್ದರೆ ಆರು ವಾರ ಪೂರ್ತಿ ಸಂಬಳ. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ರಜೆ ಕಾನೂನಿನದೇ ಕೊಡುಗೆ. ಎಷ್ಟೋ ಕಂಪನಿಗಳು 30 ಕೊಡುತ್ತವೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಆ ಅಂಕಿ ಸೊನ್ನೆ. ನುರಿತ ವಿದೇಶಿ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಪರವಾನಗಿ ಉಳ್ಳವರು ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಕಲಿತರೆ 21 ತಿಂಗಳಿಗೇ ಕಾಯಂ ನಿವಾಸದ ಪರವಾನಗಿ ಕೇಳಬಹುದು.

ಇಷ್ಟು ಕೇಳಿ ಕಣ್ಣರಳಿಸಿದವರಿಗೆ ಅಡುಗೆಮನೆಯ ಕಥೆ ಹೇಳುತ್ತೇನೆ. ಮ್ಯೂನಿಕ್‌ನಲ್ಲಿ ಬಾಡಿಗೆ ಮನೆ ಸಿಗುವುದೇ ಪೂರ್ವಜನ್ಮದ ಪುಣ್ಯ. ಸಿಕ್ಕ ಮನೆಯಲ್ಲಿ ಅಡುಗೆಮನೆ ಎಂದು ತೋರಿಸಿದ ಕೋಣೆಯಲ್ಲಿ ಒಲೆಯಿಲ್ಲ, ಸಿಂಕ್ ಇಲ್ಲ, ಕಪಾಟಿಲ್ಲ. ಗೋಡೆಯಿಂದ ಎರಡು ಪೈಪುಗಳು ಇಣುಕುತ್ತಿದ್ದವು, ಅಷ್ಟೇ. ಹಿಂದಿನ ಬಾಡಿಗೆದಾರರು ಎಲ್ಲವನ್ನೂ ಬಿಚ್ಚಿಕೊಂಡು ಹೋಗಿದ್ದರು, ಅಲ್ಲಿ ಅದೇ ಪದ್ಧತಿ! ಇನ್ನು ಭಾಷೆ. ಕಚೇರಿಯಲ್ಲಿ ಇಂಗ್ಲಿಷ್ ಸಾಕು, ಕಚೇರಿಯಾಚೆ ಸಾಲದು. ಸರ್ಕಾರದ ಪ್ರತಿ ಪತ್ರವೂ ಜರ್ಮನ್‌ನಲ್ಲೇ ಬರುತ್ತದೆ. ತಜ್ಞ ವೈದ್ಯರಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ರೈಲುಗಳ ಸಮಯಪಾಲನೆ ಎಂಬುದು ಹಳೆಯ ಕೀರ್ತಿ.

ಮಕ್ಕಳ ಶಾಲೆಯ ವಿಷಯದಲ್ಲಿ ನನಗೆ ಎರಡೂ ಕಡೆ ತಕರಾರಿದೆ. ಮ್ಯೂನಿಕ್ ಇರುವ ಬವೇರಿಯ ರಾಜ್ಯದಲ್ಲಿ ನಾಲ್ಕನೇ ತರಗತಿಯ ಅಂಕಗಳೇ ಮಗು ಮುಂದೆ ಯಾವ ಬಗೆಯ ಶಾಲೆಗೆ ಹೋಗಬೇಕೆಂದು ನಿರ್ಧರಿಸುತ್ತವೆ. ಮನೆಯಲ್ಲಿ ಜರ್ಮನ್ ಆಡದ ಮಕ್ಕಳಿಗೆ ಇದು ಅನ್ಯಾಯ. ನ್ಯೂಜೆರ್ಸಿಯಲ್ಲಿ, ಬಂದೂಕುಧಾರಿ ನುಗ್ಗಿದರೆ ದೀಪವಾರಿಸಿ ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದನ್ನು ಪುಟ್ಟ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಾರೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಅಂಕಗಳ ಅನ್ಯಾಯವನ್ನೇ ಆರಿಸುತ್ತೇನೆ.

ಹಾಗಾಗಿ ಹಣ ಕೂಡಿಸಿಕೊಂಡು ಊರಿಗೆ ಮರಳುವ ಒಂಟಿ ಯುವಕರಿಗೆ ಅಮೆರಿಕ ಎನ್ನುತ್ತೇನೆ. ಮಕ್ಕಳಿರುವವರಿಗೆ, ಭಾಷೆ ಕಲಿಯುವ ಹಟವೂ ಇದ್ದರೆ, ಜರ್ಮನಿ. ಈ ಉತ್ತರ ಎಡವುವುದು ಬಾಣಂತನದ ಮಾತು ಬಂದಾಗ. ಜರ್ಮನಿಯಲ್ಲಿ ಹೆರಿಗೆಗೆ ಮೊದಲು ಆರು ವಾರ, ಆಮೇಲೆ ಎಂಟು ವಾರ ತಾಯಿಗೆ ರಕ್ಷಣೆಯ ರಜೆ. ಸೂಲಗಿತ್ತಿ ಮನೆಗೇ ಬಂದು ಮಗುವನ್ನು ನೋಡುತ್ತಾಳೆ, ಅದರ ಖರ್ಚೂ ವಿಮೆಯದೇ. ಆದರೆ ಊರಿನಿಂದ ಬಂದ ಅಮ್ಮ ಪ್ರವಾಸಿ ವೀಸಾದ ಮೇಲೆ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಅಮೆರಿಕದಲ್ಲಾದರೆ ಸಾಮಾನ್ಯವಾಗಿ ಆರು ತಿಂಗಳು ಇರಬಹುದು. ಅಮ್ಮ ಜೊತೆಗಿರುವ ಆ ಹೆಚ್ಚಿನ ಮೂರು ತಿಂಗಳಿಗಾಗಿಯೇ ಅಮೆರಿಕ ಬಿಡಲೊಪ್ಪದ ದಂಪತಿಗಳನ್ನು ನಾನು ಬಲ್ಲೆ. ಅವರೊಡನೆ ನಾನು ವಾದಕ್ಕೆ ಇಳಿಯುವುದಿಲ್ಲ.