ಕಾನ್‌ಥೋದ ತೇಲುವ ಸಂತೆ ನಿಜವಾದದ್ದಾ?

ವಿಯೆಟ್ನಾಂಗೆ ಹೊರಟವರು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ: "ಮೆಕಾಂಗ್ ಡೆಲ್ಟಾದ ಕಾನ್‌ಥೋದಲ್ಲಿ ತೇಲುವ ಸಂತೆ ಇದೆಯಲ್ಲ, ಅದು ನಿಜವಾದ ವ್ಯಾಪಾರವಾ, ಸುಮ್ನೆ ಪ್ರವಾಸಿಗರಿಗೆ ತೋರಿಸೋದಾ?"

ನಿಜವಾದ ವ್ಯಾಪಾರವೇ. ಆದರೆ ಸೊರಗುತ್ತಿದೆ.

ಕಾನ್‌ಥೋ ಇರುವುದು ಮೆಕಾಂಗ್‌ನ ಕವಲಾದ ಹೌ ನದಿಯ ದಡದಲ್ಲಿ. 1739ರಲ್ಲಿ ಚೀನೀ ಮೂಲದ ಮಾಕ್ ಥಿಯೆನ್ ತು ಇಲ್ಲಿ ಚಾನ್ ಯಾಂಗ್ ಎಂಬ ಠಾಣೆ ಕಟ್ಟಿದ. ಖಮೇರರು, ಅಂದರೆ ಇಂದಿನ ಕಾಂಬೋಡಿಯಾದ ಮುಖ್ಯ ಜನಾಂಗದವರು, ಈ ಡೆಲ್ಟಾದಲ್ಲಿ ಮೊದಲೇ ಇದ್ದರು. ವಿಯೆಟ್ನಾಮಿಗಳೂ ಚೀನೀಯರೂ ಬಂದು ಸೇರಿದರು. ಇವತ್ತೂ ಊರಲ್ಲಿ ಪ್ರಾಚೀನ ಚೀನಾದ ಸೇನಾಪತಿ ಗ್ವಾನ್ ಯೂನನ್ನು ದೇವರೆಂದು ಪೂಜಿಸುವ ಚೀನೀ ಗುಡಿಯಿದೆ, ಖಮೇರ್ ಬೌದ್ಧ ವಿಹಾರವೂ ಇದೆ. ಇವರೆಲ್ಲರಿಗೂ ನದಿ, ಕಾಲುವೆಗಳೇ ರಸ್ತೆ. ಹಾಗಿರುವಾಗ ಸಂತೆಯೂ ನೀರಿನ ಮೇಲೆಯೇ ಸೇರಬೇಕು, ಅಲ್ವಾ?

ಊರಿನ ಪಕ್ಕದ ಕಾಯ್ ರಾಂಗ್ ಸಂತೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಬಿದಿರ ಗಳ. ಅದಕ್ಕೆ 'ಕೆಯ್ ಬೆವ್' ಅನ್ನುತ್ತಾರೆ. ಮೋಟಾರಿನ ಸದ್ದಿನಲ್ಲಿ ಕೂಗಿದರೆ ಯಾರಿಗೆ ಕೇಳಬೇಕು? ಅದಕ್ಕೇ ಮಾರುವ ಮಾಲನ್ನೇ ಗಳದ ತುದಿಗೆ ಕಟ್ಟುತ್ತಾರೆ. ಅನಾನಸ್, ಕುಂಬಳ, ಎಲೆಕೋಸು, ಗೆಣಸು, ಎಲ್ಲವೂ ದೂರದಿಂದಲೇ ಕಾಣುತ್ತವೆ. ಚಿಕ್ಕ ದೋಣಿಯವರು ಅದನ್ನು ನೋಡಿಕೊಂಡು ಬಂದು ಸಗಟಾಗಿ ಕೊಂಡು ಒಳಗಿನ ಕಾಲುವೆಗಳಿಗೆ ಒಯ್ಯುತ್ತಾರೆ. ಕಟ್ಟಿದರೂ ಮಾರದಿರುವುದು ಒಣಗಲು ಹಾಕಿದ ಬಟ್ಟೆ. ಕಟ್ಟದೆಯೇ ಮಾರುವುದು ಕಾಫಿ ಮತ್ತು ಬಿಸಿಬಿಸಿ ನೂಡಲ್ಸ್ ಸಾರು.

2016ರಲ್ಲಿ ಸರ್ಕಾರ ಈ ಸಂತೆಯ ಸಂಸ್ಕೃತಿಯನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಗೆ ಸೇರಿದರೆ ಮಾಲು ಬರುವುದಿಲ್ಲ. ಒಳ್ಳೆಯ ರಸ್ತೆಗಳಾದವು, 2010ರಲ್ಲಿ ಹೌ ನದಿಗೆ ದೊಡ್ಡ ಸೇತುವೆ ತೆರೆಯಿತು, ಹಣ್ಣು ತರಕಾರಿ ಲಾರಿ ಹತ್ತಿದವು. ದಡಕ್ಕೆ ತಡೆಗೋಡೆ ಕಟ್ಟಿದ ಮೇಲೆ ದೋಣಿಯಿಂದ ಮಾಲು ಇಳಿಸುವುದೂ ಕಷ್ಟವಾಯಿತು. ರಸ್ತೆ ಬೇಡ ಅಂತ ನಾನು ಹೇಳಲಾರೆ. ಆಸ್ಪತ್ರೆಗೆ, ಶಾಲೆಗೆ ಹೋಗುವವರಿಗೆ ಅದು ಬೇಕೇ ಬೇಕು. ಆದರೂ ದೋಣಿಗಳು ಕಮ್ಮಿಯಾಗುತ್ತಿರುವುದಕ್ಕೆ ಸಂಕಟವಾಗುತ್ತದೆ.

ನೀವು ಹೋಗುವುದಾದರೆ ಬೆಳಗಿನ ಜಾವ ಐದೂವರೆಗೆಲ್ಲ ಅಲ್ಲಿರಿ. ಬಿಸಿಲೇರಿದ ಮೇಲೆ ಉಳಿಯುವುದು ಪ್ರವಾಸಿಗರ ದೋಣಿಗಳೇ ಜಾಸ್ತಿ. ಗಳಗಳ ತುದಿ ನೋಡುತ್ತಾ ಹೋಗಿ. ಎಲ್ಲಾದರೂ ತೆಂಗಿನ ಗರಿ ಕಟ್ಟಿದ್ದರೆ, ಅವರು ಗರಿ ಮಾರುತ್ತಿಲ್ಲ. ಗರಿ ಮನೆಯ ಮಾಡಿಗೆ ಹೊದಿಸುವಂಥದ್ದು. ಅವರು ತಾವು ಬಾಳಿದ ದೋಣಿಯನ್ನೇ ಮಾರಾಟಕ್ಕೆ ಇಟ್ಟಿದ್ದಾರೆ.